ಸವತಿ ಪುತಳಿ

ಇಚಲಕರಂಜಿಯಲ್ಲಿ ಯಾರ ಮನೆಯ ಹಳೇ ಗೋಡೆ ಒಡೆದರೂ, ಯಾರ ಹೊಲದಲ್ಲಿ ಬಾವಿ ತೋಡಿದರೂ, ಸಿಕ್ಕ ತುಕ್ಕು ಹಿಡಿದ ಬಿಲ್ಲೆ ಕೊನೆಗೆ ಬಂದು ಸೇರುವುದು ನನ್ನ ನೂಲಿನ ಅಂಗಡಿಗೆ. ಊರಲ್ಲಿ ನಾಣ್ಯದ ಹುಚ್ಚು ಹಿಡಿದವನು ನಾನೊಬ್ಬನೇ, ಅದರಲ್ಲೂ ರೋಮಿನ ನಾಣ್ಯದ ಹುಚ್ಚು. ಸುಕುಮಾರಣ್ಣನಿಗೆ ತೋರಿಸಿದರೆ ದುಡ್ಡು ಕೇಳುವುದಿಲ್ಲ, ಬೈಯುತ್ತಾನೆ ಅಷ್ಟೇ, ಎಂದು ಜನ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ಬೈಯುವುದು ನಿಜ. ಮೊನ್ನೆ ಎರಕ ಹೊಯ್ದ ಖೋಟಾ ಬಿಲ್ಲೆ ತಂದು, "ಅಲೆಕ್ಸಾಂಡರ್ ಬಾದಶಹಾಂದು" ಎಂದವನಿಗೆ ಹಾರ ಹಾಕಲು ಬರುತ್ತದೆಯೇ?

ಈ ಹುಚ್ಚು ಹತ್ತಿದ್ದು ಕೊಲ್ಲಾಪುರದಲ್ಲಿ. ನಾಂದಣಿಯ ನಮ್ಮ ಶಾಲೆಯವರು ಒಮ್ಮೆ ಅಲ್ಲಿನ ಟೌನ್ ಹಾಲ್ ಮ್ಯೂಜಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಬ್ರಹ್ಮಪುರಿ ದಿಬ್ಬ ಅಗೆದಾಗ ಸಿಕ್ಕ ಕಂಚಿನ ಸಮುದ್ರದೇವತೆ ಒಂದು ಅಲ್ಲಿತ್ತು, ಗೇಣುದ್ದವೂ ಇಲ್ಲ. ಇದು ರೋಮ್ ದೇಶದ್ದು, ಎರಡು ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದದ್ದು ಎಂದರು ಗುರುಗಳು. ಪಂಚಗಂಗೆಯ ದಂಡೆಗೆ ಸಮುದ್ರದ ದೇವರು ಯಾಕೆ ಬಂದ, ಯಾರ ಗಂಟಿನಲ್ಲಿ ಬಂದ ಎಂದು ಯೋಚಿಸುತ್ತ ನಾನು ಅಲ್ಲೇ ನಿಂತುಬಿಟ್ಟೆ. ಆಗ ಬಾಯಿ ಬಿಟ್ಟವನು ಇನ್ನೂ ಮುಚ್ಚಿಲ್ಲ.

ನನ್ನ ಹೆಂಡತಿ ಪ್ರಿಯದರ್ಶನಿ ಇದನ್ನೇ ಬೇರೆ ರೀತಿ ಹೇಳುತ್ತಾಳೆ. "ತಲಿ ರೋಮದಾಗ, ಹೊಟ್ಟಿ ಇಚಲಕರಂಜ್ಯಾಗ." ನಾವು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಮುಳುಗಿತೋ, ಮರುದಿನದವರೆಗೆ ಉಪವಾಸ. ಹೀಗಾಗಿ ದಿನಾ ಸಂಜೆ ಅಂಗಡಿಗೆ ಬಂದು ಭೂತಗನ್ನಡಿಯನ್ನು ನನ್ನ ಕೈಯಿಂದ ಕಸಿದುಕೊಳ್ಳುವುದು ಅವಳ ಕೆಲಸ.

ನನ್ನ ಡಬ್ಬಿಯಲ್ಲಿ ಸವೆದ ತಾಮ್ರದವು ಇವೆ, ಹರಾಜಿನಲ್ಲಿ ಕೊಂಡ ಬೆಳ್ಳಿಯವು ಇವೆ. ಚಿನ್ನದ ರೋಮನ್ ನಾಣ್ಯ ಮಾತ್ರ ಎಂದೂ ಕೈಯಲ್ಲಿ ಹಿಡಿದವನಲ್ಲ. ನೋಡಿದ್ದೆಲ್ಲ ಗಾಜಿನ ಆಚೆ.

ಕಳೆದ ಮಾಘದಲ್ಲಿ ಒಂದು ದಿನ ಮಧ್ಯಾಹ್ನ ಇಳಿಹೊತ್ತಿಗೆ ಶಿವವ್ವ ಬಂದಳು. ನಮ್ಮಲ್ಲಿ ನೂಲು ಒಯ್ಯುವ ಹಣಮಪ್ಪನ ಹೆಂಡತಿ. ತೇರದಾಳ ಕಡೆಯ ಜನ, ಎರಡು ತಲೆಮಾರಿನಿಂದ ಇಲ್ಲೇ ಪಾವರಲೂಮ್ ನಡೆಸುತ್ತಾರೆ. ಮಗ್ಗದ ಸಪ್ಪಳದಲ್ಲೇ ಬಾಳಿದವರಾದ್ದರಿಂದ ಆ ಮನೆಯವರೆಲ್ಲ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಆ ದಿನ ಶಿವವ್ವನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು.

"ಅಣ್ಣಾರ, ಇದನ್ನ ಕೊಲ್ಲಾಪುರದ ಗುಜರಿ ಬಂಗಾರದ ಪ್ಯಾಟಿಗೆ ಒಯ್ದಿದ್ದೆರಿ, ಕರಗಸಾಕ. ಸರಾಫ ಕರಗಸಲಿಲ್ಲ. ಇದು ಈ ಕಡೆ ಮಾಡಿದ್ದಲ್ಲ, ಮೊದಲ ಸುಕುಮಾರಣ್ಣಗ ತೋರಸ್ರಿ, ಆಮ್ಯಾಲ ತರ್ರಿ ಅಂದ."

"ಏನದು?"

"ಸವತಿ ಪುತಳಿರಿ."

ನಮ್ಮ ಕಡೆ ಹೆಂಗಸರ ಸರದಲ್ಲಿ ಪೋಣಿಸುವ, ಗೊಂಬೆಯ ಅಚ್ಚೊತ್ತಿದ ಬಂಗಾರದ ತೆಳು ಬಿಲ್ಲೆಗೆ ಪುತಳಿ ಎನ್ನುತ್ತಾರೆ. ಸವತಿ ಪುತಳಿ ಅಂದರೆ ಅದಲ್ಲ. ಹೆಂಡತಿ ಸತ್ತವನು ಮತ್ತೆ ಲಗ್ನವಾದರೆ, ಎರಡನೆಯವಳು ಮೊದಲನೆಯವಳ ಗುರುತಿಗೆ ಕೊರಳಲ್ಲಿ ಕಟ್ಟಿಕೊಳ್ಳಬೇಕಾದದ್ದು. ಹಬ್ಬದ ಎಡೆ ಮೊದಲು ಅದಕ್ಕೆ. ಹೊಸ ಸೀರೆ ಉಡುವ ಮುಂಚೆ ಸೆರಗನ್ನು ಅದಕ್ಕೆ ಮುಟ್ಟಿಸಿ, "ಮೊದಲ ನೀ ಉಡು" ಅನ್ನಬೇಕು. ತಪ್ಪಿದರೆ ಸತ್ತವಳು ಮುನಿಯುತ್ತಾಳೆ, ಬದುಕಿದ್ದವಳನ್ನು ಬಾಳಗೊಡುವುದಿಲ್ಲ ಎಂದು ನಂಬಿಕೆ.

ಶಿವವ್ವನ ಮನೆಯಲ್ಲಿ ಇಂಥದ್ದೊಂದು ಯಾವ ಕಾಲದಿಂದಲೋ ಇದೆ. ಎಲ್ಲಿಂದ ಬಂತು ಯಾರಿಗೂ ಗೊತ್ತಿಲ್ಲ. ಅವಳ ಅತ್ತೆ ಎರಡನೇ ಸಂಬಂಧದವಳು, ಸಾಯುವ ತನಕ ಕಟ್ಟಿಕೊಂಡಿದ್ದಳು. ಆಮೇಲೆ ದೇವರ ಜಗಲಿಯ ಮೇಲೆ ಇತ್ತು. ಶಿವವ್ವನ ಮಗ ರೋಹನನ ಮೊದಲ ಹೆಂಡತಿ ಕಾಮಣಿ ಬೇನೆಯಾಗಿ ತೀರಿಕೊಂಡಳು. ಹೋದ ವರ್ಷ ಗಡಹಿಂಗ್ಲಜದ ವೃಷಾಲಿಯನ್ನು ತಂದುಕೊಂಡರು. ಪುತಳಿ ಜಗಲಿಯಿಂದ ಇಳಿದು ವೃಷಾಲಿಯ ಕೊರಳಿಗೆ ಬಂತು.

"ನಾಕ ತಿಂಗಳ ಹಾಕ್ಕೊಂಡ್ಳರಿ. ಆಮ್ಯಾಲ ಉಸಿರು ಕಟ್ಟತೈತಿ ಅಂದ್ಳು. ಯಾರೋ ನೋಡಾಕತ್ತಂಗ ಆಗತೈತಿ, ನಾ ನಕ್ಕರ ಆಕಿ ನಗೂದಿಲ್ಲ, ನಾ ಉಂಡ್ರ ಆಕಿ ಉಣ್ಣೂದಿಲ್ಲ ಅಂತಾಳ. ಈಗ ತವರಮನಿಗೆ ಹೋಗಿ ಕುಂತಾಳ. ಅದನ್ನ ಕರಗಿಸಿ ಬ್ಯಾರೆ ಏನರೇ ಮಾಡಸ್ರಿ, ಇಲ್ಲಾಂದ್ರ ಬರೂದಿಲ್ಲ ಅಂತ ಹಟ ಹಿಡಿದಾಳ. ಹುಡುಗ ಅನ್ನಾ ನೀರು ಬಿಟ್ಟಾನ."

"ಮತ್ತ ಕರಗಸ್ರಿ," ಎಂದೆ ನಾನು. ಆಗ ನಾನಿನ್ನೂ ಅದನ್ನು ನೋಡಿರಲಿಲ್ಲ.

ಶಿವವ್ವ ನನ್ನನ್ನು ಮಿಕಿಮಿಕಿ ನೋಡಿದಳು. "ಅದನ್ನ ಕೇಳಾಕ ಬಂದೇನ್ರಿ. ಇದು ಬರೇ ಬಂಗಾರ ಇದ್ರ ನಾಳೆನೇ ಕರಗಸ್ತೇನಿ, ಸೊಸಿ ಬಂದ್ರ ಸಾಕು. ಖರೇನ ಸವತಿ ಇದ್ರ? ಆಕಿನ್ನ ಬೆಂಕ್ಯಾಗ ಹೆಂಗ ಹಾಕ್ಲಿ? ನೀವು ಗುರುತು ಹಿಡೀರಿ. ನೀವು ಅಂದಂಗ ಮಾಡ್ತೇನಿ."

ಇಷ್ಟು ಹೇಳಿ ಗಂಟು ಬಿಚ್ಚಿ, ನೂಲಿನ ತೂಕದ ಕಾಗದದ ಮೇಲೆ ಇಟ್ಟಳು.

ನನ್ನ ಮೊದಲ ಕೆಲಸ ಬೈಯಲು ತಯಾರಾಗುವುದು. ಪುತಳಿ ತೆಳ್ಳಗಿರುತ್ತದೆ, ಉಗುರಿನಿಂದ ಒತ್ತಿದರೆ ಬಗ್ಗುತ್ತದೆ. ಇದು ಬಗ್ಗಲಿಲ್ಲ. ದಪ್ಪ, ಪುಟ್ಟ, ಭಾರ. ತಕ್ಕಡಿಗೆ ಹಾಕಿದೆ, ಏಳು ಗ್ರಾಮಿನ ಮೇಲೆ ಚೂರು. ಅಂಚಿನಲ್ಲಿ ಎರಕದ ಗೆರೆ ಇಲ್ಲ, ಮೈಮೇಲೆ ಗುಳ್ಳೆ ಇಲ್ಲ. ಸುತ್ತಿಗೆಯ ಏಟು ತಿಂದ ಬಂಗಾರ ಅಂಚಿನ ಕಡೆಗೆ ಹರಿದ ಸಣ್ಣ ಸಣ್ಣ ಎಳೆಗಳು ಮಾತ್ರ ಇವೆ.

ಭೂತಗನ್ನಡಿ ಹಿಡಿದೆ. ಬಲಕ್ಕೆ ಮುಖ ಮಾಡಿದ ಹೆಂಗಸು. ಅರಿಶಿನ ಮೆತ್ತಿ ಮೆತ್ತಿ ಕೆನ್ನೆ ನುಣ್ಣಗಾಗಿದೆ, ಮೂಗಿನ ತುದಿ ಸವೆದಿದೆ. ಆದರೆ ತುರುಬು ಹಾಗೇ ಇದೆ: ಜಡೆಗಳನ್ನು ಹೆಣೆದು ನೆತ್ತಿಯ ಮೇಲೆ ಸುತ್ತಿ ಕೂರಿಸಿದ ತುರುಬು. ತುರುಬಿನ ಮೇಲುಗಡೆ ಅಕ್ಕಪಕ್ಕ ಎರಡು ತೂತು, ಅದರಲ್ಲಿ ಕರಿದಾರ. ದಾರ ಹಾಯ್ದ ಕಡೆ ತೂತಿನ ಅಂಚು ಮೇಲಕ್ಕೆ ಎಳೆದಂತೆ ಸವೆದಿತ್ತು. ಜೀವನವೆಲ್ಲ ನೂಲು ಮಾರಿದವನು ನಾನು, ಹತ್ತಿಯ ದಾರ ಬಂಗಾರವನ್ನು ತಿಂದದ್ದನ್ನು ಅದೇ ಮೊದಲು ಕಂಡೆ. ಹಾಗೆ ತಿನ್ನಬೇಕಾದರೆ ಎಷ್ಟು ಹೆಂಗಸರ ಕೊರಳಲ್ಲಿ ಅದು ಏರಿ ಇಳಿದಿರಬೇಕು.

"ನಮ್ಮ ಮನಿ ಹಿರೇ ಸವತಿ ಹಂಗs ತುರುಬು ಕಟ್ಟತಿದ್ಳಂತ," ಎಂದಳು ಶಿವವ್ವ. "ಹಿಂದ ಹೊಳ್ಳಿಸಿ ನೋಡ್ರಿ, ಅಡಗಿ ಮಾಡಿ ಬಡಸಾಕ ನಿಂತಾಳ. ಒಂದ ಕೈಯಾಗ ತಾಟು, ಒಂದ ಕೈಯಾಗ ಹುಟ್ಟು."

ಹೊರಳಿಸಿದೆ. ನಿಂತ ಹೆಂಗಸು, ಒಂದು ಕೈಯಲ್ಲಿ ತಟ್ಟೆ. ಇನ್ನೊಂದು ಕೈಯಲ್ಲಿರುವುದು ಹಡಗು ತಿರುಗಿಸುವ ದೊಡ್ಡ ಹುಟ್ಟು. ಇವಳು ಅದೃಷ್ಟದ ದೇವಿ, ಚಿತ್ರವನ್ನು ಪುಸ್ತಕದಲ್ಲಿ ಸಾವಿರ ಸಲ ನೋಡಿದ್ದೆ. ಹೆಡ್ಡರಂಗ ಮಾತಾಡಬ್ಯಾಡ ಎಂದು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಅಂಬಲಿ ತಿರುವುವುದೂ ಹುಟ್ಟೇ, ಅಂಬಿಗ ದೋಣಿ ನಡೆಸುವುದೂ ಹುಟ್ಟೇ. ಶಿವವ್ವ ತಪ್ಪು ಹೇಳಿರಲಿಲ್ಲ.

ಮತ್ತೆ ಮುಖದ ಕಡೆ ಬಂದೆ. ಎಡಬದಿಯ ಅಕ್ಷರಗಳಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಮೇಲುಗಡೆಯವು ತೂತಿಗೆ ಸಿಕ್ಕು ಅಳಿಸಿದ್ದವು. ಬಲಬದಿಯಲ್ಲಿ ರೋಮನ್ ಲಿಪಿಯಲ್ಲಿ ಐದು ಅಕ್ಷರ ಸ್ಪಷ್ಟ: ಸ್ಟಿನಾ. ಆ ತುರುಬು, ಈ ಅಕ್ಷರ. ಇನ್ನಾರೂ ಆಗಲು ಸಾಧ್ಯವಿಲ್ಲ.

"ಫೌಸ್ಟಿನಾ," ಎಂದೆ. "ಶಿವವ್ವಾ, ಇದು ನಿಮ್ಮ ಸವತಿ ಅಲ್ಲವ್ವಾ. ಈಕಿ ರೋಮ್ ದೇಶದ ಮಹಾರಾಣಿ. ಇದು ಸಾವಿರದ ಒಂಬೈನೂರು ವರ್ಷದ ನಾಣ್ಯ. ನಾ ಇಡೀ ಆಯುಷ್ಯ ಹುಡಿಕಿದ್ದು ನಿಮ್ಮ ಸೊಸಿ ಕೊಳ್ಳಾಗ ಇತ್ತು."

ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಹೇಳಿಕೊಳ್ಳಲು ಸಂಕೋಚವಿಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಟಂಕಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ, ಹೊತ್ತು ತಂದ ಹಡಗು ಎಂದೋ ಪುಡಿಯಾಯಿತು, ಆ ಸಾಮ್ರಾಜ್ಯವೇ ಮಣ್ಣು ಸೇರಿತು. ಈ ಬಿಲ್ಲೆ ಮಾತ್ರ ನನ್ನ ಕೈಯ ಬಿಸಿಗೆ ಬೆಚ್ಚಗಾಗುತ್ತಿತ್ತು.

ಶಿವವ್ವ ನಿಟ್ಟುಸಿರು ಬಿಟ್ಟಳು. ಮುಖ ಹಗುರಾಗಿತ್ತು.

"ಹಂಗಾರ ಸವತಿ ಅಲ್ಲ. ಯಾವದೋ ದೇಶದ ಬಾಯಿ. ಬರೇ ಬಂಗಾರ ಆತು. ನಾಳೆ ಗುಜರಿಗೆ ಹೋಗ್ತೇನಿ, ಅಣ್ಣಾರ. ದೊಡ್ಡ ಉಪಕಾರ ಆತ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಗತಿ ಅದೇ ಆಯಿತು. ನಾನೇ ಗುರುತು ಹಿಡಿದು, ನಾನೇ ಅದನ್ನು ಮೂಸೆಗೆ ಕಳಿಸಿದ್ದೆ. ತಕ್ಕ ದುಡ್ಡು ಕೊಡುತ್ತೇನೆ, ನನಗೆ ಕೊಡಿ ಎಂದೆ. "ಜಗಲಿ ಮ್ಯಾಗ ಕುಂತಿದ್ದನ್ನ ಮಾರ್ತಾರೇನ್ರಿ? ಕರಗಿಸಿ ಸೊಸಿ ಮೈಮ್ಯಾಲs ಹಾಕಬೇಕು. ಮನಿ ಬಂಗಾರ ಮನ್ಯಾಗ ಇರಬೇಕು," ಎಂದಳು.

ಊಟಕ್ಕೆ ಕರೆಯಲು ಬಂದಿದ್ದ ಪ್ರಿಯದರ್ಶನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಯಾವಾಗಲೂ ಕಸಿಯುವ ಭೂತಗನ್ನಡಿಯನ್ನು ಈ ಸಲವೂ ಕಸಿದುಕೊಂಡಳು, ಆದರೆ ತಾನೇ ನೋಡಲು.

"ಈ ಕಡೆ ಕುಂಕುಮದಾಗ ಮುಚ್ಚಿದ್ದು ಏನೈತಿ? ಅರ್ಧಾ ಓದಿ ಪೂರ್ತಿ ಹೇಳಬ್ಯಾಡ್ರಿ."

ನಾಣ್ಯ ತೊಳೆಯುವುದು ನಾಣ್ಯದ ಹುಚ್ಚರಲ್ಲಿ ಮಹಾಪಾಪ. ಉಜ್ಜಿದರೆ ಅಂದ ಕೆಡುತ್ತದೆ. ಆದರೆ ನಾಳೆ ಮೂಸೆಗೆ ಬೀಳುವುದಕ್ಕೆ ಎಂಥ ಅಂದ? ನಯವಾದ ನೂಲಿನ ಒಂದು ಎಳೆ ತೆಗೆದೆ, ನೀರಲ್ಲಿ ಅದ್ದಿದೆ, ಅಕ್ಷರದ ಸಂದಿಯಲ್ಲಿ ಎಳೆದೆ. ಎಳೆ ಕೆಂಪಾಯಿತು. ಇನ್ನೊಂದು ತೆಗೆದುಕೊಂಡೆ. ಎಷ್ಟು ಜನ ಎರಡನೇ ಹೆಂಡಿರು ಹಚ್ಚಿದ ಕುಂಕುಮವೋ, ಬಿಡುತ್ತಲೇ ಇತ್ತು. ಶಿವವ್ವ ಆ ಕೆಂಪು ಎಳೆಗಳನ್ನು ಕೆಳಗೆ ಬೀಳಗೊಡದೆ ಒಂದೊಂದಾಗಿ ಸೆರಗಿಗೆ ಹಾಕಿಕೊಂಡಳು. ಮೊದಲ ಅಕ್ಷರ ಬಂತು, ಎರಡನೆಯದು ಬಂತು, ರೋಮನ್ ಲಿಪಿಯ ನಾಲ್ಕಕ್ಷರವೂ ಬಂದವು.

ದಿವಾ.

ನಾನು ನಾಣ್ಯವನ್ನು ಕೆಳಗಿಟ್ಟೆ.

"ಏನ್ರೀ ಅದು?" ಎಂದಳು ಪ್ರಿಯದರ್ಶನಿ.

"ರಾಣಿ ಬದುಕಿದ್ದಾಗ ಈ ಶಬ್ದ ಹಾಕೂದಿಲ್ಲ. ಸತ್ತು ದೇವರಾದ ಮ್ಯಾಲ ಹಾಕ್ತಾರ." ನಾಣ್ಯವನ್ನು ಶಿವವ್ವನ ಕಡೆ ಸರಿಸಿದೆ. "ಗಂಡ ಪಟ್ಟಕ್ಕೆ ಬಂದು ಭಾಳ ದಿನಾ ಆಗಿರಲಿಲ್ಲ, ಈಕಿ ಸತ್ತಳು. ಅಂವಾ ಗುಡಿ ಕಟ್ಟಿಸಿದ. ತಾ ಸಾಯೂತನಕ ಹೆಂಡತಿ ಮಾರಿ ಒತ್ತಿ ಒತ್ತಿ ನಾಣ್ಯ ಮಾಡಿಸಿದ, ಜನಾ ಆಕಿನ್ನ ಮರೀಬಾರದು ಅಂತ. ಹಿಂದ ಸುತ್ತಲೂ ಬರದದ್ದು ಏನ ಗೊತ್ತೇನು? ಎಂದೆಂದಿಗೂ, ಅಂತ. ಶಿವವ್ವಾ, ಇದು ಮೊದಲs ಸತ್ತ ಹೆಂಡತಿ ಪುತಳಿ. ಹುಟ್ಟಿದಾಗಿಂದ ಅದs ಐತಿ."

ಲ್ಯಾಟಿನ್ ಬಾರದ, ರೋಮ್ ಎಲ್ಲಿದೆ ಎಂದು ಗೊತ್ತಿಲ್ಲದ ಜನ, ಗುರುತು ತಪ್ಪಿ ಯಾರದೋ ಮುಖವನ್ನು ತಮ್ಮ ಮನೆಯ ಸತ್ತ ಸೊಸೆ ಎಂದುಕೊಂಡರು. ಆ ತಪ್ಪು ನೇರ ಹೋಗಿ ಸರಿಯಾದ ಕಡೆಯೇ ಬಿದ್ದಿತ್ತು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಇದು ಹೇಗಾಯಿತು ಎಂದು ಇಂದಿಗೂ ನನಗೆ ತಿಳಿದಿಲ್ಲ.

ಶಿವವ್ವನಿಗೆ ಮಾತ್ರ ಆಶ್ಚರ್ಯವಾದಂತೆ ಕಾಣಲಿಲ್ಲ. "ನಾ ಏನ ಹೇಳಿದೆ ಮತ್ತ?" ಎಂದಳು. ಆಮೇಲೆ ಮುಖ ಸಣ್ಣದಾಯಿತು. "ಹಂಗಾರ ಕರಗಸಾಕ ಬರೂದಿಲ್ಲ. ಸೊಸಿನೂ ಬರೂದಿಲ್ಲ. ಅಣ್ಣಾರ, ನೀವs ಬಂದು ಆಕಿಗೆ ಒಂದ ಮಾತು ಹೇಳ್ರಿ."

ಹೊರಗೆ ಹೊತ್ತು ಮುಳುಗಿ ದೀಪ ಹತ್ತಿದ್ದವು. ಆ ದಿನ ನಾನೂ ಪ್ರಿಯದರ್ಶನಿಯೂ ಉಪವಾಸ. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಕಾರಿನಲ್ಲಿ ಮೂವರೂ ಹೊರಟೆವು. ಶಿವವ್ವನ ಮಡಿಲಲ್ಲಿ ಎರಡು ಗಂಟು, ಒಂದರಲ್ಲಿ ಪುತಳಿ, ಒಂದರಲ್ಲಿ ಸೊಸೆಗೆಂದು ಕೊಂಡ ಇಳಕಲ್ ಸೀರೆ. ಕಾಗಲದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಯಾವತ್ತಾದರೂ ಆಗಿದ್ದರೆ ಹಾರ್ನ್ ಒತ್ತಿ ಒತ್ತಿ ಬೈಯುತ್ತಿದ್ದೆ. ಅಂದು ಸುಮ್ಮನೆ ಅವುಗಳ ಹಿಂದೆ ಹೋದೆ. ಕೊಂಕಣದ ದಂಡೆಯಲ್ಲಿ ಇಳಿದು, ಎತ್ತಿನ ಹೇರಿನಲ್ಲಿ ಘಟ್ಟ ಹತ್ತಿ, ಇದೇ ಕಡೆಯ ಯಾವುದೋ ದಾರಿಯಲ್ಲಿ ಅವಳು ಬಂದಿರಬೇಕು ಎಂದು ತಲೆಯಲ್ಲಿ ಓಡುತ್ತಿತ್ತು.

ವೃಷಾಲಿ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ತವರಿನ ಪಡಸಾಲೆಯಲ್ಲಿ ಬ್ಲೌಜು ಹೊಲಿಯುತ್ತ ಕುಳಿತಿದ್ದಳು. ಅತ್ತೆಯನ್ನು ಕಂಡು ಎದ್ದು ಕಾಲು ಮುಟ್ಟಿದಳು, ಮಿಷನ್ನಿನ ಮುಂದೆ ಮತ್ತೆ ಹೋಗಿ ಕುಳಿತಳು. ಮರ್ಯಾದೆ ಮುಗಿಯಿತು, ಹಟ ಮುಗಿದಿಲ್ಲ ಎಂಬ ಹಾಗೆ.

"ಕರಗಿಸಿದ್ರೇನ್ರಿ, ಅತ್ತಿ?"

"ಇಲ್ಲ. ಈ ಅಣ್ಣಾರು ಹೇಳೂದು ಒಮ್ಮೆ ಕೇಳು. ಆಮ್ಯಾಲ ನೀ ಅಂದಂಗ."

ಹೇಳಿದೆ. ನಾಣ್ಯವನ್ನು ಅವಳ ಹೊಲಿಗೆ ಮಿಷನ್ನಿನ ಹಲಗೆಯ ಮೇಲಿಟ್ಟು, ಭೂತಗನ್ನಡಿ ಅವಳ ಕೈಗೆ ಕೊಟ್ಟು, ಅಕ್ಷರ ಒಂದೊಂದಾಗಿ ಓದಿಸಿದೆ. ಹತ್ತನೇ ತರಗತಿ ಪಾಸಾದ ಹುಡುಗಿ, ತಾನೇ ಕೂಡಿಸಿ ಓದಿದಳು. ನಾಲ್ಕು ತಿಂಗಳು ಕೊರಳಲ್ಲಿ ಕಟ್ಟಿಕೊಂಡಿದ್ದರೂ ಆ ಮುಖವನ್ನು ಅವಳು ಅಂದೇ ಮೊದಲು ನೋಡಿದ್ದು. ಹೆದರಿ ಎಂದೂ ದಿಟ್ಟಿಸಿರಲಿಲ್ಲವಂತೆ.

ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಆ ರಾಜಾ ಮತ್ತ ಲಗ್ನ ಆದನೇನ್ರಿ?"

ಶಿವವ್ವ ನನ್ನ ಮುಖ ನೋಡಿದಳು. ಪ್ರಿಯದರ್ಶನಿ ಹಿಂದಿನಿಂದ ನನ್ನ ಅಂಗಿಯ ಚುಂಗು ಹಿಡಿದು ಜಗ್ಗಿದಳು. ಆದ ಎಂದುಬಿಡಿ ಎಂಬುದು ಅದರ ಅರ್ಥ. ಎರಡನೇ ಹೆಂಡತಿಯ ಮುಂದೆ ಕುಳಿತು, ಅಂಥ ಪ್ರೀತಿಯ ಗಂಡ ಎರಡನೆಯವಳನ್ನು ಮಾಡಿಕೊಳ್ಳಲಿಲ್ಲ ಎಂದು ಹೇಳಿದರೆ ಗಾಯಕ್ಕೆ ಖಾರ ಸವರಿದ ಹಾಗೆ. ಆದರೆ ನಾಣ್ಯದ ವಿಷಯದಲ್ಲಿ ಸುಳ್ಳು ಹೇಳಿದವರನ್ನೇ ಬೈಯುತ್ತ ಬಂದವನು ನಾನು. ನನ್ನ ನಾಲಿಗೆ ಹೊರಳಲಿಲ್ಲ.

"ಇಲ್ಲವ್ವಾ. ಲಗ್ನ ಆಗಲಿಲ್ಲ."

ಆಮೇಲೆ ಅವನು ಒಬ್ಬಳನ್ನು ಇಟ್ಟುಕೊಂಡಿದ್ದನೆಂದೂ ಪುಸ್ತಕದಲ್ಲಿದೆ. ಅದನ್ನು ಹೇಳಲಿಲ್ಲ. ಅವಳು ಕೇಳಿದ್ದು ಲಗ್ನದ ಮಾತು, ನಾನು ಉತ್ತರಿಸಿದ್ದೂ ಲಗ್ನದ ಮಾತು.

ಶಿವವ್ವ ಕಣ್ಣು ಮುಚ್ಚಿಕೊಂಡಳು. ಎಲ್ಲ ಮುಗಿಯಿತು ಎಂದುಕೊಂಡೆ. ಇನ್ನು ಬೆಂಕಿಯೇ.

ವೃಷಾಲಿ ಭೂತಗನ್ನಡಿ ಕೆಳಗಿಟ್ಟಳು. ಬೆರಳಿನಿಂದ ಆ ತುರುಬನ್ನು ಮೆಲ್ಲಗೆ ಸವರಿದಳು.

"ಅಂದ್ರ ಈಕಿಗೆ ಸವತಿನs ಬರಲಿಲ್ಲ," ಎಂದಳು. "ಯಾರ ಮ್ಯಾಲೂ ಈಕಿಗೆ ಹೊಟ್ಟಿಕಿಚ್ಚ ಇಲ್ಲ. ನಾ ಸುಮ್ಮನ ಅಂಜಿದ್ಯಾ. ಅಲ್ಲಿ ಈಕಿನ್ನ ಕೊಳ್ಳಾಗ ಕಟ್ಟಿಕೊಳ್ಳಾವರು ಒಬ್ಬರೂ ಇರಲಿಲ್ಲ, ಹೌದಲ್ರಿ? ಮೊದಲ ನೀ ಉಣ್ಣು, ಮೊದಲ ನೀ ಉಡು ಅನ್ನಾವರು ಇರಲಿಲ್ಲ. ಅದನ್ನ ಹುಡಿಕ್ಕೋತ ಇಷ್ಟು ದೂರ ಬಂದಾಳ, ಪಾಪ. ಬಂದಾಕಿನ್ನ ನಾ ಬೆಂಕ್ಯಾಗ ಹಾಕ್ರಿ ಅನ್ನಾಕತ್ತಿದ್ದೆ."

ರೋಮಿನ ಬಗ್ಗೆ ನಾನು ಓದಿದ್ದು ಕಪಾಟಿನ ತುಂಬ ಇದೆ. ಫೌಸ್ಟಿನಾ ಒಬ್ಬಂಟಿಯಾಗಿದ್ದಳು ಎಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ವೃಷಾಲಿ ಕರಿದಾರ ತೆಗೆದು ಹಾಕಿ, ಮಿಷನ್ನಿನ ಪಕ್ಕದ ಡಬ್ಬಿಯಿಂದ ಹೊಸ ಹಸಿರು ದಾರ ಆರಿಸಿ, ಎರಡೂ ತೂತಿಗೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಅತ್ತೆಯ ಮಡಿಲಿನ ಗಂಟನ್ನು ತಾನೇ ಬಿಚ್ಚಿ ಇಳಕಲ್ ಸೀರೆ ತೆಗೆದಳು. ಸೆರಗು ಹಿಡಿದವಳು ನನ್ನ ಕಡೆ ತಿರುಗಿ, "ಹೆಸರು ಇನ್ನೊಮ್ಮೆ ಹೇಳ್ರಿ," ಎಂದಳು. ಹೇಳಿದೆ.

ಅವಳು ಸೀರೆಯ ಕೆಂಪು ಸೆರಗನ್ನು ಆ ಸವೆದ ಮುಖಕ್ಕೆ ಮುಟ್ಟಿಸಿದಳು.

"ಫೌಸ್ಟಿನವ್ವಾ, ಮೊದಲ ನೀ ಉಡು."